ಹಿಮದಜ್ಜಿಯ ಬಾಗಿಲು

ಮೊದಲ ಹಿಮ ಬಿದ್ದ ದಿನ ನಾಯಿಮರಿ ಬೋಂಡ ಕಾಣೆಯಾಯಿತು. ಕಳೆದುಹೋದವರನ್ನೆಲ್ಲ ಬೆಟ್ಟದ ಮೇಲಿನ ಹಿಮದಜ್ಜಿ ಹುಡುಕಿಕೊಡುತ್ತಾಳೆಂದು ಕೇಳಿದ್ದ ಎಂಟು ವರ್ಷದ ಚೆಲುವಿ, ಅಪ್ಪನ ಕಂಬಳಿ ಹೊದ್ದು ಒಬ್ಬಳೇ ಹೊರಟಳು. ಮೊಣಕಾಲುದ್ದದ ಹಿಮದಲ್ಲಿ ಎರಡು ಸಲ ಜಾರಿಬಿದ್ದು, ಮೂರನೆಯ ದಿನ ಮಂಜುಗಡ್ಡೆಯ ಬಾಗಿಲು ತಟ್ಟಿದಳು.

"ಅಜ್ಜೀ, ನನ್ನ ನಾಯಿಮರಿ ಕಳೆದುಹೋಗಿದೆ. ಕಂದು ಬಣ್ಣ, ಒಂದು ಕಿವಿ ಮಡಚಿಕೊಂಡಿದೆ. ಇಲ್ಲಿಗೆ ಬಂತಾ?"

"ಕಳೆದುಹೋದ ನಾಯಿಮರಿ ಯಾವುದೂ ಇಲ್ಲಿಲ್ಲ ಮಗಾ," ಅಂದಳು ಹಿಮದಜ್ಜಿ.

ಹುಡುಗಿಯ ಕಣ್ಣು ತುಂಬಿಬಂತು.

"ಅಯ್ಯೋ, ಅಳಬೇಡ. ನಿನ್ನ ಹೆಸರೇನು?"

"ಚೆಲುವಿ."

ಅಜ್ಜಿಯ ಮುಖ ಅರಳಿತು. ಒಳಗೆ ತಿರುಗಿ ಕೂಗಿದಳು:

"ಲೋ ಬೋಂಡ, ಓಡಿ ಬಾರೋ! 'ನಮ್ಮ ಚೆಲುವಿ ಕಳೆದುಹೋಗಿದಾಳೆ, ಹುಡುಕಿಕೊಡಿ' ಅಂತ ಮೂರು ದಿನದಿಂದ ನನ್ನ ಪ್ರಾಣ ತಿಂತಿದ್ದೆಯಲ್ಲ, ಸಿಕ್ಕಿದಳು ನೋಡು!"