ಅಪ್ಪನ ಕ್ಯಾಮೆರಾ

ಐದು ವರ್ಷದವನಿದ್ದಾಗ ಬಿಟ್ಟ ಊರನ್ನು ಲೆನ್ಸಿನಲ್ಲಿ ಹೊಸದಾಗಿ ನೋಡೋಣವೆಂದು, ತೀರಿಹೋದ ಅಪ್ಪನ ಹಳೇ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಅವನು ಓಣಿ ಓಣಿ ತಿರುಗಿದ. ಕಂಡವರೆಲ್ಲ ದಡಾರನೆ ಬಾಗಿಲು ಹಾಕಿಕೊಂಡರು. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಸೆರಗಿನಿಂದ ಮುಖ ಮುಚ್ಚಿಕೊಂಡು ಕಿರುಚಿದಳು.

"ಮುಂದ ಹೋಗೋ! ನಮ್ಮನ್ಯಾಗ ಎಲ್ಲಾರೂ ಗಟ್ಟಿಮುಟ್ಟ ಅದಾರ!"

ಇದೆಂಥ ದರಿದ್ರ ಊರು ಎಂದು ಶಪಿಸುತ್ತ ಸೋದರಮಾವನ ಮನೆಗೆ ಹೋದ, ಉಂಡು ಮಲಗಿದ.

ಎದ್ದಾಗ ಅಂಗಳದ ತುಂಬ ಜನ. ನಾಲ್ವರ ಹೆಗಲ ಮೇಲೆ ಹಸಿ ಬಿದಿರು. ಮಾವ ಧಡಧಡ ಒಳಬಂದು ಅವನ ಕೊರಳಪಟ್ಟಿ ಹಿಡಿದ.

"ನಿಮ್ಮಪ್ಪ ಈ ಊರಾಗ ಹೆಣದ ಫೋಟೋ ಬಿಟ್ರ ಬ್ಯಾರೇದು ತೆಗೀಲಿಲ್ಲ. ಅದೇ ಕ್ಯಾಮೆರಾ ಹಾಕ್ಕೊಂಡು ನನ್ನ ಮನಿ ಹೊಕ್ಕೀಯಲ್ಲೋ ಭಾಡ್ಯಾ! ನೋಡಲ್ಲಿ, ನನಗ ಚಟ್ಟಾ ಕಟ್ಟಾಕ ಬಂದಾರ!"