ಮಾರಿಷಸ್ಸಿನವರ ನಿದ್ದೆ

"ಐದೇ ನಿಮಿಷ ಮಾರಾಯ್ತಿ, ಮತ್ತೆ ಕೂತು ಮಾತಾಡುವ" ಎಂದು ಕದ್ರಿ ಪಾರ್ಕಿನ ಹುಲ್ಲಿನ ಮೇಲೆ ಒರಗಿದ ಮುಖೇಶ, ಮರದ ನೆರಳು ಅವನನ್ನು ದಾಟಿಕೊಂಡು ಆಚೆ ಹೋದರೂ ಏಳಲಿಲ್ಲ. ಪಕ್ಕದಲ್ಲಿ ಅವನ ಹೆಂಡತಿ ಅಕ್ಷಿತಾ, ಬಾಯಿಯ ತನಕ ಬಂದ ಮಾತನ್ನು ಪೆಪ್ಪರಮಿಂಟಿನ ಹಾಗೆ ದವಡೆಯಲ್ಲಿಟ್ಟುಕೊಂಡು ಕೂತಿದ್ದಳು.

ಮದುವೆಯ ಮದರಂಗಿ ಮಾಸುವ ಮೊದಲೇ ಪ್ರವಾಸಿ ಹಡಗು ಹತ್ತಿದ ಗಂಡ. ಅಲ್ಲಿ ರೂಮು ಗುಡಿಸಿ ಹಾಸಿಗೆ ಹಾಸುವ ಕೆಲಸ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಇವನ ಕೈಯಲ್ಲಿ ಊರಿಗಾಗುವಷ್ಟು ಹಾಸಿಗೆ, ಚಾಚುವುದು ಮಾತ್ರ ಬೇರೆಯವರ ಕಾಲು. ಆ ಹಡಗು ಇವತ್ತು ಪಣಂಬೂರು ಬಂದರಿಗೇ ಬಂದಿತ್ತು, ಸಂಜೆ ಹೊರಡುತ್ತದೆ. ತೊಕ್ಕೊಟ್ಟಿನ ಮನೆಗೆ ಇಬ್ಬರೂ ಸುದ್ದಿ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಅತ್ತೆ, ಅತ್ತಿಗೆ, ಅತ್ತಿಗೆಯ ನೆರೆಮನೆಯವಳು, ಎಲ್ಲರೂ ರಿಕ್ಷಾ ಮಾಡಿಕೊಂಡು ಬಂದು ಗಂಡನನ್ನು ಹಂಚಿಕೊಳ್ಳುತ್ತಿದ್ದರು. ಇಬ್ಬರೇ ಕೂತು ತೀರ್ಮಾನಿಸಬೇಕಾದ ಸಂಗತಿಯೊಂದಿತ್ತು: ಇನ್ನೊಂದು ವರ್ಷ ಹಡಗಿನಲ್ಲೇ ಇರುವುದೋ, ಬಿಟ್ಟು ಬರುವುದೋ. ಮರಳಿ ಹತ್ತಿದ ಕೂಡಲೇ ಅವನು ಕಂಪನಿಗೆ ಉತ್ತರ ಹೇಳಬೇಕು. "ಬಿಟ್ಟು ಬನ್ನಿ" ಅನ್ನಲು ಅಕ್ಷಿತಾಳಿಗೆ ಅರ್ಧ ಉಸಿರು ಸಾಕು. ಆದರೆ ಕೇಳುವವನ ಕಿವಿ ನಿದ್ದೆಗೆ ಹೋಗಿತ್ತು.

ವಿಸಿಲ್ ಊದುತ್ತಾ ವಾಚ್‌ಮನ್ ಲೋಕಯ್ಯ ಬಂದ. "ಇಲ್ಲಿ ಮಲಗ್ಲಿಕ್ಕೆ ಇಲ್ಲ. ಎಬ್ಬಿಸಿ ಅವರನ್ನು."

ಅಕ್ಷಿತಾ ಕಾಲೇಜಿನಲ್ಲಿ ಪ್ರಿನ್ಸಿಪಾಲರ ಧ್ವನಿಯಲ್ಲಿ ರಜೆ ಘೋಷಿಸಿದವಳು. ಬೆನ್ನು ನೆಟ್ಟಗೆ ಮಾಡಿ, ಟೂರಿಸ್ಟ್ ಗೈಡಿನ ರಾಗ ತೆಗೆದಳು. "ಮೆಲ್ಲಗೆ ಅಣ್ಣ! ಶಿಪ್ಪಿನವರು. ಫಾರಿನ್."

ಲೋಕಯ್ಯ ಬಗ್ಗಿ ನೋಡಿದ. "ಫಾರಿನ್? ಮೂಗು ನೋಡಿದ್ರೆ ತೊಕ್ಕೊಟ್ಟಿನವರ ಹಾಗೆ ಉಂಟು."

"ಮಾರಿಷಸ್. ಅಲ್ಲಿಯವರೆಲ್ಲ ನಮ್ಮ ಹಾಗೇ ಇರ್ತಾರೆ."

ಮಲಗಿದವನ ಕೊರಳಲ್ಲಿದ್ದ ಹಡಗಿನ ಕಾರ್ಡು ನೋಡಿ ಲೋಕಯ್ಯ ವಿಸಿಲನ್ನು ಜೇಬಿಗೆ ಹಾಕಿಕೊಂಡ. ಅಲ್ಲಿಗೆ ಕಾವಲು ತಿರುಗುಮುರುಗಾಯಿತು. ಆ ಕಡೆ ಚೆಂಡಾಡುತ್ತಿದ್ದ ಮಕ್ಕಳನ್ನು ಓಡಿಸಿದ. ರೀಲ್ಸ್ ಮಾಡಲು ಬಂದ ಹುಡುಗಿಯರಿಗೆ "ಅತ್ತ ಹೋಗಿ, ಇಲ್ಲಿ ಫಾರಿನ್ನವರು ಮಲಗಿದ್ದಾರೆ" ಎಂದು ಪಿಸುಗುಟ್ಟಿದ. ಪಾರ್ಕಿಗೆ ಪಾರ್ಕೇ ದನಿ ತಗ್ಗಿಸಿತು. ಬಿಸಿಲು ಬೀಳದಂತೆ ಅಕ್ಷಿತಾ ತನ್ನ ಚೂಡಿದಾರದ ಶಾಲನ್ನು ಮುಖೇಶನ ಮುಖಕ್ಕೆ ಹೊದಿಸಿದಳು. ಗಾಳಿ ಬಂದಾಗ ಮೇಲಿನ ಕೊಂಬೆಯಿಂದ ಹಳದಿ ಹೂ ಒಂದೊಂದೇ, ಎಲ್ಲಿ ಇಳಿಯಲಿ ಎಂದು ಯೋಚಿಸುತ್ತ ಇಳಿದು, ಮುಖೇಶನ ಎದೆಯ ಮೇಲೆ ಕೂತು ಅವನ ಉಸಿರಿಗೆ ಏರಿಳಿಯಿತು. ಹುಲ್ಲು ಅಲೆಯಾಯಿತು, ಮರಗಳು ನಿಂತಲ್ಲೇ ತೇಲಿದವು. ಎಲ್ಲಿಗೂ ಹೋಗದ ಹಡಗೊಂದರಲ್ಲಿ ತಾವಿಬ್ಬರೇ ಇದ್ದಂತೆನಿಸಿ ಅಕ್ಷಿತಾಳಿಗೂ ಕಣ್ಣು ಎಳೆಯತೊಡಗಿತು.

"ಅಮ್ಮಾ... ನನ ಒಂತೆ ಜೆಪ್ಪುವೆ," ಇನ್ನೂ ಸ್ವಲ್ಪ ಮಲಗುತ್ತೇನೆಂದು ಮುಖೇಶ ಅಚ್ಚ ತುಳುವಿನಲ್ಲಿ ಗೊಣಗಿ ಮಗ್ಗುಲಾದ.

ಲೋಕಯ್ಯ ಅಕ್ಷಿತಾಳನ್ನು ನೋಡಿದ. "ಮಾರಿಷಸ್ಸಿನಲ್ಲಿ ತುಳುವೂ ಉಂಟಾ?"

"ತುಳು ಎಲ್ಲಿ ಇಲ್ಲ ಅಣ್ಣ?"

ಅವನು ಅವಳ ಕೊರಳಿನ ಕರಿಮಣಿ ನೋಡಿದ, ಮಲಗಿದವನನ್ನು ನೋಡಿದ. ಏನೂ ತಿಳಿಯದವನ ಹಾಗೆ ಅಲ್ಲೇ ಕಟ್ಟೆಯ ಮೇಲೆ ಕೂತ. ಬಿಸಿಲು ಕೆಂಪಗಾಗುತ್ತಿತ್ತು. "ಹಡಗಿಗೆ ಹೊತ್ತಾಗ್ಲಿಲ್ವಾ?"

"ಆಗ್ತಾ ಬಂತು."

"ಎಬ್ಬಿಸದಿದ್ರೆ?"

"ಬಿಟ್ಟು ಹೋಗ್ತದೆ."

"ಮತ್ತೆ ಈ ಮಾರಿಷಸ್ಸನ್ನು ಇಟ್ಟುಕೊಳ್ಳುವುದು ಯಾರು?"

"ನಾನು."

ಇಷ್ಟು ಬೇಗ ಬಾಯಿಂದ ಬಿದ್ದದ್ದಕ್ಕೆ ಅಕ್ಷಿತಾ ತಾನೇ ಬೆಚ್ಚಿದಳು. ಹೌದಲ್ಲ, ಸುಮ್ಮನೆ ಕೂತರೆ ಸಾಕು. ಹಡಗು ದಡ ಬಿಡುತ್ತದೆ. ಬೋಳಾರದಲ್ಲಿ ಒಂದು ಬಾಡಿಗೆ ಮನೆ, ಹಿತ್ತಿಲಲ್ಲಿ ನದಿ ಗಾಳಿ, ಈ ಗೊರಕೆ ದಿನಾ. ಕನಸು ಅಲ್ಲಿಯವರೆಗೆ ಸಲೀಸಾಗಿ ಹೋಯಿತು. ಆಮೇಲೆ ಆ ಮನೆಯಲ್ಲಿ ಮುಖೇಶ ಎದ್ದು ಕೂತು "ನೀನು ಯಾಕೆ ಎಬ್ಬಿಸಲಿಲ್ಲ?" ಎಂದ. ಆ ಪ್ರಶ್ನೆ ಮೂರನೆಯ ಜನದ ಹಾಗೆ ಊಟಕ್ಕೂ ಜೊತೆಗೆ ಕೂತಿತು, ಎದ್ದು ಹೋಗಲಿಲ್ಲ.

ಅವಳು ಅವನ ಭುಜ ಅಲುಗಿಸಿದಳು. "ಏಳಿ. ಹೊತ್ತಾಯಿತು."

ಮುಖೇಶ ಧಡಕ್ಕನೆ ಎದ್ದು ನಿಂತ. ಕಣ್ಣು ತೆರೆದಿತ್ತು, ಅವನಿನ್ನೂ ಅದರೊಳಗೆ ಬಂದಿರಲಿಲ್ಲ. "ಸಾರಿ ಮೇಡಮ್, ಸಾರಿ" ಎನ್ನುತ್ತ, ಮುಖದಿಂದ ಜಾರಿದ ಅವಳ ಶಾಲನ್ನು ಕೊಡವಿದ. ಎರಡೂ ಕಡೆಯಿಂದ ಸುರುಳಿ ಸುತ್ತಿದ, ಮಡಚಿದ, ತುದಿಯನ್ನು ಬಾಗಿಸಿದ. ಕಣ್ಣು ಮಿಟುಕಿಸುವುದರೊಳಗೆ ಒಂದು ಹಂಸ! ಹಡಗಿನಲ್ಲಿ ದಿನಾ ಹಾಸಿಗೆ ಹಾಸಿದ ಮೇಲೆ ಟವೆಲಿನಲ್ಲಿ ಮಾಡಿಟ್ಟು ಬರುವಂಥದ್ದು. ಅದನ್ನು ತಾನು ಮಲಗಿದ್ದಲ್ಲಿ ಕೂರಿಸಿ, ಅದರ ಕೊರಳು ಬಿಡದೆಯೇ ಹೆಂಡತಿಗೆ ತಲೆಬಾಗಿ, ಇಂಗ್ಲಿಷಿನಲ್ಲಿ ಅಂದ: "ಹ್ಯಾವ್ ಎ ನೈಸ್ ಡೇ, ಮೇಡಮ್."

ಲೋಕಯ್ಯ ಬೇರೆ ಕಡೆ ತಿರುಗಿದ. ಅಕ್ಷಿತಾ ನಗಲಿಲ್ಲ. ಯಾವುದೋ ದೇಶದ ಮೇಡಮ್ಮಿನ ಧ್ವನಿಯನ್ನೇ ತೆಗೆದು, ಮೆಲ್ಲಗೆ ಕೇಳಿದಳು:

"ಇನ್ನೊಂದು ವರ್ಷವೂ ಆ ರೂಮುಗಳಿಗೆ ನೀವೇ ಹೋಗುವುದಾ?"

ಈಗ ಅವನಿಗೆ ಅವಳು ಕಂಡಳು. ಹಂಸದ ಕೊರಳು ಹಿಡಿದಿದ್ದ ಬೆರಳುಗಳು ಸಡಿಲಾದವು. ಅದು ಒಂದೊಂದೇ ಸುರುಳಿ ಬಿಚ್ಚುತ್ತ, ಹುಲ್ಲಿನ ಮೇಲೆ ಮತ್ತೆ ಅವಳ ಶಾಲಾಗತೊಡಗಿತು.