ಮುಡಿಪಿನ ಗಂಟು

"ನನಗಿನ್ನೂ ಧೈರ್ಯ ಬರ್ಲಿಲ್ಲ. ಇನ್ನೊಂದು ಸಲ ಮಾಡೇ, ಕಾತ್ಯಾಯಿನಿ!" ಎಂದರು ಸೀತಮ್ಮ. ಅವರ ಕೈಯಲ್ಲಿ ಬನಶಂಕರಮ್ಮನಿಗೆಂದು ಬೆಳಗ್ಗೆ ಕಟ್ಟಿದ ಮುಡಿಪಿನ ಹಳದಿ ಗಂಟಿತ್ತು. ಚಿಲಿ ದೇಶದಲ್ಲಿ ಭೂಮಿ ನಡುಗಿ ಎದ್ದ ಅಲೆ, ಸಾಗರ ದಾಟಿ ಜಪಾನಿನ ಬಂದರುಗಳಿಗೆ ಬಡಿದಿದೆಯೆಂದು ರೇಡಿಯೋ ಹೇಳಿದಾಗಿನಿಂದ ಜಯನಗರದ ಆ ಮನೆಯಲ್ಲಿ ಯಾರಿಗೂ ಅನ್ನ ಸೇರಿರಲಿಲ್ಲ. ಸೀತಮ್ಮನವರ ಮಗ ಜಯಸಿಂಹನ ಹಡಗು ನಾಡಿದ್ದು ಜಪಾನ್ ಮುಟ್ಟಬೇಕಾಗಿತ್ತು. ಅಂದರೆ ಅವನಿನ್ನೂ ನಡುನೀರಿನಲ್ಲಿದ್ದ.

ಸೊಸೆ ಹಿತ್ತಲಿನ ಕಲ್ಲುತೊಟ್ಟಿಗೆ ಮತ್ತೆ ಬಾಗಿದಳು. ಒಂದು ತೆಂಗಿನ ಚಿಪ್ಪನ್ನು ನೀರಿನ ನಡುವೆ, ಇನ್ನೊಂದನ್ನು ಆಚೆಯ ಅಂಚಿನಲ್ಲಿ ತೇಲಿಬಿಟ್ಟಳು. "ಸಮುದ್ರದ ತಳ ಹೀಗೇ ಎದ್ದಿದ್ದು, ನೋಡಿ ಅತ್ತೆ" ಎನ್ನುತ್ತಾ, ಈಚೆ ತುದಿಯಲ್ಲಿ ಮುಳುಗಿಸಿದ್ದ ತಟ್ಟೆಯನ್ನು ಥಟ್ಟನೆ ಮೇಲೆತ್ತಿದಳು. ಅಲೆ ಹೊರಟಿತು. ನಡುವಿನ ಚಿಪ್ಪು ಮೆಲ್ಲಗೆ ಎದ್ದು, ಮೆಲ್ಲಗೆ ಇಳಿದು, ಏನೂ ಆಗದಂತೆ ತೇಲುತ್ತಿತ್ತು. ಅಂಚಿನದು ಕಲ್ಲಿಗೆ ಬಡಿದು ಬೋರಲಾಯಿತು.

"ಹಾಗಿದ್ರೆ ನಡುನೀರೇ ಕ್ಷೇಮ ಅನ್ನು!"

"ಹೂಂ ಅತ್ತೆ! ಅಷ್ಟು ಆಳದಲ್ಲಿ ಅಲೆ ಇವರ ಹಡಗಿನ ಕೆಳಗೇ ಹಾದುಹೋಗತ್ತೆ. ಅದರ ಆರ್ಭಟವೆಲ್ಲ ದಡದಲ್ಲೇ." ಕಾತ್ಯಾಯಿನಿ ಒದ್ದೆ ಕೈಯಲ್ಲೇ ಕಣ್ಣೊರೆಸಿಕೊಂಡು ನಕ್ಕಳು.

ಸೀತಮ್ಮ ಮಾತ್ರ ಹೌಹಾರಿದರು. "ಅಯ್ಯೋ, ಇವತ್ತೇ ಅವನನ್ನ ದಡ ಸೇರಿಸು ತಾಯಿ ಅಂತ ಬೇಡ್ಕೊಂಡ್ಬಿಟ್ಟಿದೀನಲ್ಲೇ!" ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ಮತ್ತೆ ಬಿಗಿಯಾಗಿ ಕಟ್ಟಿ ಕಣ್ಣಿಗೊತ್ತಿಕೊಂಡರು. "ಬೆಳಗ್ಗೆ ಅಂದಿದ್ದು ಮರೆತುಬಿಡಮ್ಮ ತಾಯಿ. ನಮ್ಮ ಹುಡುಗ ನಿಧಾನವಾಗೇ ಬರ್ಲಿ." ಆಮೇಲೆ ಅಂಚಿನಲ್ಲಿ ಬೋರಲು ಬಿದ್ದಿದ್ದ ಚಿಪ್ಪನ್ನೂ ಎತ್ತಿ, ನೀರು ಚೆಲ್ಲಿ, ತೊಟ್ಟಿಯ ನಡುವೆ ಬಿಟ್ಟರು.